ಎಲ್ಲರೂ ಒಪ್ಪಿದ ಹಿಡಿ

ಒಂದು ಚಾಕುವಿಗೆ ಹಿಡಿ ಹಾಕಿಸುವುದು ಎಷ್ಟು ಹೊತ್ತಿನ ಕೆಲಸ ಎಂದು ಯಾರಾದರೂ ಕೇಳಿದರೆ ನಾನು ಎದ್ದು ಒಳಗೆ ಹೋಗಿಬಿಡುತ್ತೇನೆ. ಬೇರೆಯವರ ಮನೆಯಲ್ಲಿ ಇಂಥದ್ದೆಲ್ಲ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದಂತೆ. ನಮ್ಮ ಮನೆಯಲ್ಲಿ ಮಾತ್ರ ಎಷ್ಟು ಸಣ್ಣ ಕೆಲಸವಾದರೂ ಧರ್ಮ, ವಿಜ್ಞಾನ, ನೆರೆಹೊರೆ ಮೂರೂ ಬಂದು ಚಕ್ಕಳಮಕ್ಕಳ ಹಾಕಿ ಕೂತ ಮೇಲೇ ಶುರುವಾಗಬೇಕು.

ನಾವು ಮೈಸೂರಿನ ಕಡೆಯವರು. ನಮ್ಮವರು ಕೇಂದ್ರ ಸರ್ಕಾರದ ಇಂಜಿನಿಯರು. ವರ್ಗವಾದ ಕಡೆಗೆಲ್ಲ ಪಾತ್ರೆಪಡಗ, ಅತ್ತೆ, ಅತ್ತೆಯ ಈಳಿಗೆಮಣೆ ಸಮೇತ ಹೊರಡುವುದು ರೂಢಿ. ಹಾಗೇ ಅಹಮದಾಬಾದಿಗೆ ಬಂದು ಹಳೇ ಊರಿನ ಒಂದು ಪೋಳದಲ್ಲಿ, ಅಂದರೆ ಒಂದೇ ಹೆಬ್ಬಾಗಿಲಿರುವ ಇಕ್ಕಟ್ಟಿನ ಓಣಿಯಲ್ಲಿ, ಮನೆ ಹಿಡಿದೆವು. ಕೆಳಗಿನ ಅಂತಸ್ತಿನಲ್ಲಿ ನಾವು, ಮೇಲೆ ಮನೆಯೊಡತಿ. ಆಕೆ ಜೈನರು, ವಯಸ್ಸಿನಲ್ಲಿ ನಮ್ಮ ಅತ್ತೆಯ ಓರಗೆ. ಇಡೀ ಓಣಿಗೆ ಆಕೆ ಕಾಕಿ, ಅಂದರೆ ಚಿಕ್ಕಮ್ಮ, ನಮಗೂ ಕಾಕಿಯೇ. ಮನೆ ಕೊಡುವಾಗ ಆಕೆ ಹಾಕಿದ ಷರತ್ತು ಒಂದೇ: ಹಾಲು ತುಪ್ಪ ಬಿಟ್ಟು, ಪ್ರಾಣಿಯ ಮೈಯಿಂದ ಬಂದದ್ದು ಯಾವುದೂ ಹೊಸ್ತಿಲು ದಾಟಕೂಡದು. ನಾವೇನು ಮಾಂಸ ತಿನ್ನುವವರಲ್ಲವಲ್ಲ, ಸಲೀಸಾಗಿ ಒಪ್ಪಿಕೊಂಡೆವು.

ಅತ್ತೆಗೆ ಗುಜರಾತಿ ಬಾರದು, ಕಾಕಿಗೆ ಕನ್ನಡ ಬಾರದು. ಸಾಯಂಕಾಲವಾದರೆ ಇಬ್ಬರೂ ಜಗಲಿಯ ಮೇಲೆ ಕೂತು, ಇವರು ಇವರ ಭಾಷೆಯಲ್ಲಿ ಅವರು ಅವರ ಭಾಷೆಯಲ್ಲಿ, ದೀಪ ಹಚ್ಚುವವರೆಗೆ ಮಾತಾಡುತ್ತಿದ್ದರು. ವಿಷಯ ಸೊಸೆಯಂದಿರಾದ್ದರಿಂದ ಭಾಷೆ ಅಡ್ಡಬರುತ್ತಿರಲಿಲ್ಲ.

ಹೀಗಿರುವಾಗ ಆ ಮನೆಯ ಕಡಿದಾದ ಮೆಟ್ಟಿಲಿನಲ್ಲಿ ಜಾರಿ ನಾನು ಮಂಡಿ ಒಡೆದುಕೊಂಡೆ. ಡಾಕ್ಟರು, “ಇನ್ನು ಮೇಲೆ ನೆಲದ ಮೇಲೆ ಕೂತು ಕೆಲಸ ಮಾಡಬೇಡಿ,” ಅಂದರು. ಹೇಳುವುದು ಸುಲಭ. ಈಳಿಗೆಮಣೆ ಇರುವುದು ನೆಲದ ಮೇಲೆ, ಅದನ್ನು ಒಂದು ಕಾಲಿನಿಂದ ಅದುಮಿ ಹಿಡಿದೇ ಕೂರಬೇಕು. ನನಗೀಗ ಬೇಕಾದದ್ದು ಇಷ್ಟೇ: ಒಲೆಕಟ್ಟೆಯ ಮುಂದೆ ನಿಂತುಕೊಂಡು ತರಕಾರಿ ಹೆಚ್ಚಲು ಕೈಗೆ ಹೊಂದುವ ಒಂದು ಗಟ್ಟಿ ಚಾಕು. ಅಂಗಡಿಯ ಚಾಕು ಕುಂಬಳಕಾಯಿ ಕಂಡರೆ ಬಳುಕುತ್ತಿತ್ತು. ಹಾಗಾಗಿ ಹೇಳಿ ಮಾಡಿಸುವುದೆಂದಾಯಿತು.

ಅತ್ತೆ ಅಡ್ಡಿಯೇನೂ ಮಾಡಲಿಲ್ಲ. “ನೀನು ಯಾವುದರಲ್ಲಾದರೂ ಹೆಚ್ಚು ಕಣಮ್ಮ,” ಅಂದರು. “ನನಗೆ ಸರಿ ಕಾಣದ್ದರಲ್ಲಿ ಹೆಚ್ಚಿದರೆ ನಾನು ಊಟ ಮಾಡೊಲ್ಲ, ಅಷ್ಟೇ.”

ಎಮ್ಮೆಯ ಮರಣ ವಿಚಾರ

ನಮ್ಮವರ ಹತ್ತಿರ ಒಂದು ಸ್ಲೈಡ್ ರೂಲು ಇದೆ. ಬಿಳಿ ಪಟ್ಟಿಯ ಮೇಲೆ ಗೆರೆಗೆರೆಯಾಗಿ ಅಂಕಿ ಕೊರೆದಿರುವ, ನಡುವಿನ ತುಂಡನ್ನು ಎಳೆದು ತಳ್ಳಿ ಲೆಕ್ಕ ಹಾಕುವ ಕೋಲು. ಅದನ್ನು ಬಿಟ್ಟು ಅವರು ಹಾಲು ತರಲಿಕ್ಕೂ ಹೋಗುವವರಲ್ಲ. ನನ್ನ ಅಂಗೈಯನ್ನು ಅಳೆದು, ಕೋಲನ್ನು ಎಳೆದು ತಳ್ಳಿ, “ಹಿಡಿ ಇಷ್ಟು ಉದ್ದ, ಇಷ್ಟು ದಪ್ಪ,” ಎಂದು ಚಿತ್ರ ಬರೆದುಕೊಂಡು ಕೆಲಸದ ಮೇಲೆ ವಡೋದರಾಕ್ಕೆ ಹೋದವರು ಅಲ್ಲಿಯ ಕಮ್ಮಾರನೊಬ್ಬನಿಗೆ ಕೊಟ್ಟರು. ಅವನು ಕಬ್ಬಿಣ ಕೊಯ್ಯುವ ಗರಗಸದ ಸವೆದ ಪಟ್ಟಿಯಿಂದ ಅಲಗು ಮಾಡಿದ. ಅಂಥ ಅಲಗನ್ನು ನಾನು ಈವರೆಗೆ ಕಂಡಿಲ್ಲ. ಸೌತೆಕಾಯಿಗೆ ತಾನು ಹೋಳಾದದ್ದು ತಟ್ಟೆಗೆ ಬಿದ್ದ ಮೇಲೆ ತಿಳಿಯುತ್ತಿತ್ತು.

ಹಿಡಿ ಯಾವುದರದ್ದು ಅಂತ ಚಿತ್ರದಲ್ಲಿ ಬರೆದಿರಲಿಲ್ಲ. ಅವನು ಒಳ್ಳೆಯ ಮನಸ್ಸಿನಿಂದ, ತನ್ನಲ್ಲಿದ್ದ ಅತಿ ಒಳ್ಳೆಯದನ್ನೇ ಹಾಕಿದ್ದ. ಎಮ್ಮೆಯ ಕೊಂಬು. ಕಪ್ಪಗೆ ಮಿರಮಿರ ಮಿಂಚುತ್ತಿತ್ತು.

ಕಾಕಿ ಅದನ್ನು ಹೊಸ್ತಿಲಾಚೆಯೇ ತಡೆದರು. ಚಾಕು ಜಗಲಿಯಲ್ಲಿ ಚಪ್ಪಲಿಗಳ ಪಕ್ಕ ಕೂತಿತು.

“ಎಮ್ಮೆ ಹಾಲು ಕುಡಿಯುತ್ತೇವಲ್ಲ ಕಾಕಿ,” ಅಂದರು ನಮ್ಮವರು.

“ಹಾಲು ಕೊಟ್ಟ ಮೇಲೆ ಎಮ್ಮೆ ಎದ್ದು ಮನೆಗೆ ಹೋಗುತ್ತೆ. ಕೊಂಬು ಕೊಟ್ಟ ಮೇಲೆ ಹೋಗುತ್ತಾ?”

ಕಾಲೇಜಿನಲ್ಲಿ ನಾನು ತರ್ಕಶಾಸ್ತ್ರ ಓದಿದವಳು. ಇದಕ್ಕೆ ಮನಸ್ಸಿನಲ್ಲೇ ಪೂರ್ಣ ಅಂಕ ಕೊಟ್ಟು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ನನ್ನ ಕಿವಿಯಲ್ಲಿ, “ಆಕೆ ಹೇಳೋದು ಸರಿಯಾಗಿದೆ ಕಣೆ,” ಅಂದರು. ಆ ಹೊತ್ತಿನಲ್ಲಿ ಅತ್ತೆಯ ಟ್ರಂಕಿನ ತಳದಲ್ಲಿ, ನಮ್ಮ ಮಾವನವರು ಜಪಕ್ಕೆ ಹಾಸಿಕೊಳ್ಳುತ್ತಿದ್ದ ಜಿಂಕೆ ಚರ್ಮದ ಕೃಷ್ಣಾಜಿನ ಸುರುಳಿ ಸುತ್ತಿಕೊಂಡು ಉಸಿರು ಬಿಗಿಹಿಡಿದು ಕೂತಿತ್ತು. ನಾನು ಟ್ರಂಕಿನ ಕಡೆ ನೋಡಿದೆ. ಅತ್ತೆ, “ಅದು ದೇವರ ಸಾಮಾನು,” ಅಂದು ಅದರ ಮೇಲೆ ಹಾಸಿಗೆ ಸುತ್ತಿಟ್ಟರು.

ಕಡೆಗೆ ಕಾಕಿಯೇ ಒಂದು ದಾರಿ ತೋರಿಸಿದರು. ಎಮ್ಮೆ ವಯಸ್ಸಾಗಿ ತಾನಾಗಿ ಸತ್ತಿದ್ದರೆ ಪಾಪ ಅಷ್ಟು ದೊಡ್ಡದಲ್ಲ, ವಿಚಾರಿಸಿಕೊಂಡು ಬನ್ನಿ ಅಂದರು. ನಮ್ಮವರಿಗೆ ಹೇಗೂ ಮತ್ತೆ ವಡೋದರಾಕ್ಕೆ ಹೋಗುವುದಿತ್ತು. ಸೂಟು ಹಾಕಿಕೊಂಡು ಹೋಗಿ, ಕುಲುಮೆಯ ಮುಂದೆ ನಿಂತು, ಸರ್ಕಾರದ ಇಂಜಿನಿಯರಾದವರು ಎಮ್ಮೆಯ ಮರಣದ ಕಾರಣ ಕೇಳಿದರು.

ಕಮ್ಮಾರ ಸುತ್ತಿಗೆ ಕೆಳಗಿಟ್ಟು, ಪೊಲೀಸರ ಮುಂದೆ ನಿಂತವನ ಹಾಗೆ ಕೈಮುಗಿದು ಹೇಳಿದನಂತೆ: “ಸಾಹೇಬ್, ಆ ಹೊತ್ತಿನಲ್ಲಿ ನಾನು ಅಲ್ಲಿರಲೇ ಇಲ್ಲ.”

ಕುಂಬಳಕಾಯಿಯ ಬಾಯಿ

ಕೊಂಬನ್ನು ಬಿಚ್ಚಿಸಿ ಓಣಿಯ ಬಡಗಿಯಿಂದ ಬೀಟೆಮರದ ಹಿಡಿ ಮಾಡಿಸಿದೆ. ಮರದ ಮೇಲೆ ಯಾರಿಗೆ ಏನು ತಕರಾರಿರಲು ಸಾಧ್ಯ ಅಂದುಕೊಂಡಿದ್ದೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ನನಗೆ ಬುದ್ಧಿ ಬಂದಿರಲಿಲ್ಲ.

ಅತ್ತೆ ಹಿಡಿಯನ್ನು ಮೂಸಿ ನೋಡಿದರು. “ಮರ ನೀರು ಕುಡಿಯುತ್ತೆ ಅಲ್ವೇನೇ?”

“ಕುಡಿಯುತ್ತೆ ಅತ್ತೆ.”

“ಹಾಗಾದ್ರೆ ನೀನೂ ನಿನ್ನ ಗಂಡನೂ ತಿನ್ನೋ ಈರುಳ್ಳಿಯ ರಸಾನೂ ಕುಡಿಯುತ್ತೆ. ನಾಳೆ ಏಕಾದಶಿ ಪಾರಣೆಗೆ ಅದರಲ್ಲೇ ನನಗೆ ಅಗಸೆಸೊಪ್ಪು ಹೆಚ್ಚಿ ಹಾಕ್ತೀಯ.”

“ಕಡೆಗೋಲೂ ಮರದ್ದೇ, ಲಟ್ಟಣಿಗೆಯೂ ಮರದ್ದೇ. ನಿಮ್ಮ ಈಳಿಗೆಮಣೆಯ ಮಣೆ ಇನ್ನೇನು ಬೆಳ್ಳಿಯದೇ?”

“ಅದು ಬೇರೆ,” ಅಂದರು ಅತ್ತೆ. ನಮ್ಮ ಮನೆಯಲ್ಲಿ ‘ಅದು ಬೇರೆ’ ಎಂಬ ಮಾತು ಬಂದಮೇಲೆ ಯಾವ ತರ್ಕಶಾಸ್ತ್ರವೂ ಮುಂದಕ್ಕೆ ಹೋಗುವುದಿಲ್ಲ. ಈರುಳ್ಳಿಯನ್ನು ಬೇರೆ ಹಳೇ ಚಾಕುವಿನಲ್ಲಿ ಹೆಚ್ಚುತ್ತೇನೆಂದು ದೇವರ ಮುಂದೆ ಒಪ್ಪಿಕೊಂಡ ಮೇಲೆ ಅತ್ತೆ ಸುಮ್ಮನಾದರು.

ಅಷ್ಟರಲ್ಲಿ ಕಾಕಿ ಬಂದರು. ಮರ ನೋಡಿ ಸಂತೋಷಪಟ್ಟರು. ಗುಜರಾತಿನಲ್ಲಿ ತರಕಾರಿಯನ್ನು ಕೊಯ್ಯುತ್ತೇವೆ ಎನ್ನಲೂ ಹಿಂಜರಿದು ‘ಸುಧಾರಿಸುತ್ತೇವೆ’ ಅನ್ನುತ್ತಾರೆ. ಅಷ್ಟು ಮೆತ್ತನೆಯ ಜನ. “ಇನ್ನು ಹಾಯಾಗಿ ಸುಧಾರಿಸು ಬೆನ್,” ಎಂದು ತಂಗಿಯನ್ನು ಕರೆಯುವ ಹಾಗೆ ಅಂದವರು ಬಾಗಿಲಿನಲ್ಲಿ ತಿರುಗಿ ನಿಂತು, “ಹಿಡಿಯೊಳಗೆ ಅಲಗು ಅಂಟಿಸಿರೋದು ಯಾವುದರಿಂದ?” ಅಂದರು.

ಅರಗಿನಿಂದ. ಅರಗು ಮಾಡುವುದು ಹುಳು. ಒಂದಲ್ಲ ಎರಡಲ್ಲ, ಮರದ ಕೊಂಬೆಗೆ ಮುತ್ತಿಕೊಂಡ ಹುಳು. ಕಾಕಿ ಕಣ್ಣು ಮುಚ್ಚಿಕೊಂಡು ಅಷ್ಟೂ ಹುಳುಗಳ ಕ್ಷಮೆ ಕೇಳಿದರು.

ಬಡಗಿಗೆ ಅರಗು ತೆಗೆದು ಬರಿಯ ಬಿಗಿಯಲ್ಲೇ ಕೂರಿಸಲು ಹೇಳಿದೆ. ಅವನು ತಲೆ ಅಲ್ಲಾಡಿಸುತ್ತಲೇ ಕೂರಿಸಿಕೊಟ್ಟ. ಮಾರನೆಯ ಬೆಳಿಗ್ಗೆ, ಮನೆಯವರೆಲ್ಲ ನೋಡುತ್ತಿರಲಿ ಎಂದು ಸ್ವಲ್ಪ ಜಂಬದಿಂದಲೇ, ಕಟ್ಟೆಯ ಮೇಲೆ ಕುಂಬಳಕಾಯಿ ಇಟ್ಟು ಚಾಕು ಇಳಿಸಿದೆ. ಸೊಗಸಾಗಿ ಇಳಿಯಿತು. ಎಳೆದರೆ ಹಿಡಿ ಮಾತ್ರ ನನ್ನ ಕೈಯಲ್ಲಿ ಬಂತು. ಅಲಗು ಕುಂಬಳಕಾಯಿಯೊಳಗೇ ಉಳಿಯಿತು. ನಮ್ಮವರು ಇಕ್ಕಳ ತಂದು ಎಳೆದರು, ಕುಂಬಳಕಾಯಿಯೂ ಅದರ ಜೊತೆಗೇ ಎದ್ದು ಬಂತು. ಕುಂಬಳಕಾಯಿಯನ್ನು ಕೊಯ್ಯದೆ ಅಲಗು ಬರದು, ಅಲಗು ಬಾರದೆ ಕುಂಬಳಕಾಯಿ ಕೊಯ್ಯಲಾಗದು.

ಅತ್ತೆ ಮೂಲೆಯಿಂದ ಈಳಿಗೆಮಣೆಯನ್ನು ಕಾಲಿನಿಂದ ನನ್ನ ಕಡೆ ಮೆಲ್ಲಗೆ ತಳ್ಳಿದರು. “ಇದು ಎಂದಾದ್ರೂ ತರಕಾರಿ ಒಳಗೆ ಹೋಗಿ ಕೂತಿದ್ದುಂಟೇ ಕೇಳು,” ಅಂದರು.

ಹುಟ್ಟಿಲ್ಲದ್ದು

ಇಷ್ಟಾದ ಮೇಲೆ ನಮ್ಮವರು ವಿಜ್ಞಾನದ ಪರವಾಗಿ ಎದ್ದು ನಿಂತರು. “ಪ್ರಾಣಿ ಬೇಡ, ಮರ ಬೇಡ, ಹುಳು ಬೇಡ. ಪ್ರಪಂಚ ಎಲ್ಲಿಗೆ ಹೋಗಿದೆ, ನೀವಿನ್ನೂ ಎಲ್ಲಿದ್ದೀರಿ,” ಎಂದು ಕರೆಂಟಿನ ಸ್ವಿಚ್ಚು ಮಾಡುವ ಕರಿಯ ಬೇಕಲೈಟಿನ ಹಲಗೆಯೊಂದನ್ನು ಕೊಂಡು ತಂದು, ಎರಡು ಭಾನುವಾರ ಉಜ್ಜಿ ಉಜ್ಜಿ ಹಿಡಿ ಮಾಡಿ, ಹಿತ್ತಾಳೆಯ ಮೊಳೆ ಬಡಿದರು. ಆ ಎರಡು ಭಾನುವಾರವೂ ಮನೆಯಲ್ಲಿ ಕರಿಯ ಧೂಳು, ಉಪನ್ಯಾಸ.

“ಇದರೊಳಗೆ ಶಾಖ ಹರಿಯೊಲ್ಲ, ನೀರು ಇಳಿಯೊಲ್ಲ, ಕರೆಂಟು ದಾಟೊಲ್ಲ.”

“ತೊಂಡೆಕಾಯಿಯಲ್ಲಿ ಕರೆಂಟು ಎಲ್ಲಿಂದ ಬರುತ್ತೆ?” ಅಂದೆ.

“ಗುಣ ಹೇಳಿದೆ ಕಣೆ.”

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. “ಮಗು, ಇದು ಯಾವುದರಿಂದ ಹುಟ್ಟಿದ್ದು?”

“ಯಾವುದರಿಂದಲೂ ಹುಟ್ಟಿದ್ದಲ್ಲಮ್ಮ, ಕಾರ್ಖಾನೆಯಲ್ಲಿ ಮಾಡಿದ್ದು. ಅದೇ ಇದರ ಹೆಚ್ಚುಗಾರಿಕೆ. ಇದಕ್ಕೆ ಹುಟ್ಟೂ ಇಲ್ಲ, ಸಾವೂ ಇಲ್ಲ.”

“ಹುಟ್ಟೂ ಸಾವೂ ಇಲ್ಲದೋನು ದೇವರೊಬ್ಬನೇ ಅಂದ್ಕೊಂಡಿದ್ದೆ,” ಅಂದರು ಅತ್ತೆ. ಆದರೂ ಮಗ ಮಾಡಿದ್ದಲ್ಲವೇ, ಒಪ್ಪಿದರು. ಕಾಕಿಯೂ ಒಪ್ಪಿದರು. ನನಗೆ ನಂಬಿಕೆ ಬರಲಿಲ್ಲ.

ನಮ್ಮ ಕಡೆ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳವಾಗುತ್ತದೆ ಅನ್ನುತ್ತಾರೆ. ಒಬ್ಬರು ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಅಂದು ನಮ್ಮವರು ತಮ್ಮ ಕೃತಿಯನ್ನು, ವಿಜ್ಞಾನಿಗೆ ತಕ್ಕ ಹಾಗೆ, ನೇರವಾಗಿ ನನ್ನ ಕೈಗೇ ಚಾಚಿದರು. ನಾನು ಕೈ ಚಾಚಿದ್ದೇನೋ ನಿಜ. ಆದರೆ ಚಿಕ್ಕಂದಿನಿಂದ ಬಂದ ಅಭ್ಯಾಸ, ಬೆರಳು ಮುಚ್ಚಲೇ ಇಲ್ಲ. ಅವರು ಬಿಟ್ಟರು, ನಾನು ಹಿಡಿಯಲಿಲ್ಲ. ಚಾಕು ಕಲ್ಲಿನ ನೆಲಕ್ಕೆ ಬಿತ್ತು. ಬೇಕಲೈಟು ಗಾಜಿನ ಬಳೆಯ ಹಾಗೆ ಚೂರುಚೂರಾಗಿ ಒಲೆಯ ಕೆಳಗಿನವರೆಗೂ ಚೆಲ್ಲಿತು.

“ಕೈಗೆ ಕೊಟ್ಟರೆ ಹಿಡಿಯೋಕಾಗೊಲ್ಲವೇನೇ?”

“ಕೈಗೆ ಯಾರು ಕೊಡಿ ಅಂದರು?”

ಜಗಳವಂತೂ ಆಯಿತು. ಅದು ನಡೆದಿರುವಾಗಲೇ ಅತ್ತೆ ಬಗ್ಗಿ ಒಂದು ಚೂರನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು.

“ಪಾಪ,” ಅಂದರು, “ಹುಟ್ಟೋದಕ್ಕೆ ಮೊದಲೇ ಹೋಯಿತು.”

ಆನೆಗೂ ತಿಳಿಯದ್ದು

ಮುಂದಿನ ಸಲ ನಮ್ಮವರು ಸೂರತ್ತಿಗೆ ಹೊರಟಾಗ ನಾನೂ ಹಠ ಹಿಡಿದು ಹೊರಟೆ. ಹಿಡಿಯಿಲ್ಲದ ಅಲಗನ್ನು ಟವೆಲಿನಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು, ರೈಲಿನಲ್ಲಿ ಪಕ್ಕದ ಸೀಟಿನ ಹೆಂಗಸಿಗೆ ಹಣ್ಣು ಹೆಚ್ಚಲು ಎರವಲೂ ಕೊಟ್ಟೆ. ಯಾವ ಹಿಡಿಯೂ ಇಲ್ಲದ ಆ ಅಲಗಿನಿಂದ ಆಕೆ ಸೇಬನ್ನು ಚೆನ್ನಾಗಿಯೇ ಹೆಚ್ಚಿದಳು. ಹಿಡಿ ಯಾಕಿಲ್ಲ ಅಂತಲೂ ಕೇಳಲಿಲ್ಲ. ಆಕೆಯ ಅತ್ತೆ ಜೊತೆಯಲ್ಲಿರಲಿಲ್ಲವೆಂದು ಕಾಣುತ್ತದೆ.

ಸೂರತ್ತಿನಲ್ಲಿ ಬಾಚಣಿಗೆ, ಡಬ್ಬಿ ಮಾಡುವ ಒಬ್ಬ ಸಿಕ್ಕಿದ. ಅವನ ಅಂಗಡಿಯ ತುಂಬ ಬಿಳಿಯ ಸೆಲ್ಯುಲಾಯ್ಡ್, ಹಿಂದೆ ಸಿನಿಮಾ ರೀಲು ಮಾಡುತ್ತಿದ್ದ ವಸ್ತು. ಹಾಲುಬಿಳುಪು, ಒಳಗೆ ಸಣ್ಣ ಸಣ್ಣ ಎಳೆ, ಥೇಟು ಆನೆಯ ದಂತ.

“ನಿಜವಾದ ದಂತ ಅಲ್ಲ ತಾನೇ?” ಎಂದು ನಾನು ಮೂರು ಬಗೆಯಲ್ಲಿ ಕೇಳಿದೆ.

“ಅಲ್ಲ ಬೆನ್. ಆದರೆ ಯಾರಿಗೂ ಗೊತ್ತಾಗೊಲ್ಲ. ಆನೆಗೇ ಗೊತ್ತಾಗೊಲ್ಲ,” ಅಂದ.

ಅರ್ಧ ದಿನದಲ್ಲಿ ಹಿಡಿ ಹಾಕಿ, ಮೊಳೆ ಬಡಿದು, ನನ್ನ ಕೈಯಲ್ಲಿಟ್ಟು ನೋಡಿ, ಬೆರಳು ಕೂರುವ ಕಡೆ ಸ್ವಲ್ಪ ಸವೆಸಿಕೊಟ್ಟ. ಹಿಡಿದರೆ ನನ್ನ ಕೈಯೇ ಮುಂದಕ್ಕೆ ಬೆಳೆದ ಹಾಗಿತ್ತು. “ಒಲೆ ಹತ್ತಿರ ಮಾತ್ರ ಇಡಬೇಡಿ,” ಅಂದ. ಇಡುವುದಿಲ್ಲ ಅಂದೆ. ಆ ಮಾತನ್ನು ನಾನು ಚಾಚೂ ತಪ್ಪದೆ ನಡೆಸಿದ್ದೇನೆ.

ಅತ್ತೆ ಎಂದಿನಂತೆ ಹಿಡಿಯನ್ನು ತಿಕ್ಕಿ ಮೂಸಿದರು. ಮುಖ ಅರಳಿತು. “ಕರ್ಪೂರದ ವಾಸನೆ ಬರುತ್ತೆ ಕಣೋ ಮಗು.”

“ಬರಬೇಕಾದ್ದೇ ಅಮ್ಮ, ಕರ್ಪೂರ ಹಾಕಿಯೇ ಇದನ್ನು ಮಾಡೋದು.”

“ಮತ್ತೆ ಮೊದಲೇ ಹೇಳಬಾರದೇ?” ಅಂದು ಅತ್ತೆ ಅಲ್ಲೇ ಅನುಮತಿ ಕೊಟ್ಟರು. ಅಂದು ನಿಂತುಕೊಂಡು ಹುರುಳಿಕಾಯಿ ಹೆಚ್ಚಿದೆ. ಆ ಪಲ್ಯವನ್ನು ಅತ್ತೆ ಎರಡು ಸಲ ಹಾಕಿಸಿಕೊಂಡರು.

ಸಾಯಂಕಾಲ ಕಾಕಿ ಬಂದು ನೋಡಿದವರೇ ಎರಡು ಹೆಜ್ಜೆ ಹಿಂದಕ್ಕೆ ಸರಿದರು. “ಇದು ದಂತ.”

ಅಲ್ಲವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. “ನನಗೆ ದಂತ ಗೊತ್ತಿಲ್ಲವಾ? ನನ್ನ ಮದುವೆಯ ಬಳೆಗಳೇ ದಂತದ್ದು, ಮೇಲೆ ಕಪಾಟಿನಲ್ಲಿವೆ.”

“ಕಪಾಟಿನಲ್ಲಿ ಇಟ್ಟುಕೊಂಡಿದ್ದೀರಲ್ಲ ಕಾಕಿ?”

“ಅದು ನಮ್ಮಮ್ಮ ಕೊಟ್ಟದ್ದು,” ಅಂದರು ಕಾಕಿ. ‘ಅದು ಬೇರೆ’ ಎಂಬುದನ್ನು ಗುಜರಾತಿಯಲ್ಲಿ ಹೀಗೆ ಹೇಳುತ್ತಾರೆ.

ಆಕೆಗೆ ಒಂದು ಪರೀಕ್ಷೆ ಗೊತ್ತಿತ್ತು. ಸೂಜಿಯನ್ನು ಕೆಂಪಗೆ ಕಾಯಿಸಿ ಚುಚ್ಚಬೇಕು, ದಂತವಾದರೆ ಕೂದಲು ಸುಟ್ಟ ಹಾಗೆ ನಾತ ಬರುತ್ತದೆ. ನಮ್ಮವರು ನಡುವೆ ಬಂದು, “ಕಾದ ಸೂಜಿಯನ್ನು ಮಾತ್ರ ಇದರ ಹತ್ತಿರ ತರಕೂಡದು,” ಎಂದು ಕೈ ಅಡ್ಡ ಹಿಡಿದರು. ಯಾಕೆಂದು ಕೇಳಿದರೆ ರಸಾಯನಶಾಸ್ತ್ರ ಶುರು ಮಾಡಿದರು. ಕಾಕಿ ಅವರ ಮುಖ ನೋಡಿದರು, ನನ್ನ ಮುಖ ನೋಡಿದರು. ಸುಳ್ಳು ಹೇಳುವವರು ಹೇಗೆ ಇರುತ್ತಾರೋ ಹಾಗೇ ಇದ್ದೆವು.

“ದೀಪಾವಳಿಯವರೆಗೆ ಇರಿ,” ಅಂದರು. “ಆಮೇಲೆ ಬೇರೆ ಮನೆ ನೋಡಿಕೊಳ್ಳಿ.”

ಅಂದಿನಿಂದ ನಮ್ಮ ಮನೆಯ ಒಂದು ಲೋಟ ನೀರೂ ಆಕೆ ಮುಟ್ಟಲಿಲ್ಲ. ಜಗಲಿಯಲ್ಲಿ ಅತ್ತೆಯ ಜೊತೆ ಕೂರುವುದನ್ನು ಬಿಡಲಿಲ್ಲ, ಆದರೆ ಮಾತು ಕಮ್ಮಿಯಾಯಿತು. ಅತ್ತೆ ನನಗೆ ಹೇಳಿದರು: “ಇಷ್ಟು ವರ್ಷಕ್ಕೆ ನನ್ನ ಮಾತು ಅರ್ಥ ಮಾಡಿಕೊಳ್ಳೋರು ಒಬ್ಬರು ಸಿಕ್ಕಿದ್ರು. ನಿನ್ನ ಚಾಕು ಅವರನ್ನೂ ಕಿತ್ತುಕೊಳ್ತು.” ಮನೆ ಬಿಡುವುದೋ ಚಾಕು ಬಿಡುವುದೋ ಎಂದು ನಾನು ದಿನಾ ಯೋಚಿಸುತ್ತಿದ್ದೆ. ಮಂಡಿ ಮನೆ ಬಿಡು ಅನ್ನುತ್ತಿತ್ತು. ಆದರೆ ಅಂಥ ಬಾಡಿಗೆಗೆ ಅಂಥ ಮನೆ ಊರಿನಲ್ಲಿ ಇನ್ನೊಂದು ಇರಲಿಲ್ಲ.

ಆಯುಧಪೂಜೆ

ನವರಾತ್ರಿ ಬಂತು. ಓಣಿಯ ತುಂಬ ಗರ್ಬಾ, ನಮ್ಮ ಮನೆಯಲ್ಲಿ ಮಹಾನವಮಿಯ ಆಯುಧಪೂಜೆ. ಮನೆಯಲ್ಲಿ ಕೆಲಸಕ್ಕೆ ಬರುವ ಸಲಕರಣೆಗಳೆಲ್ಲ ಅಂದು ದೇವರ ಮುಂದೆ ಕೂರಬೇಕು, ಅರಿಸಿನ ಕುಂಕುಮ ಹಚ್ಚಿಸಿಕೊಳ್ಳಬೇಕು, ಮಾರನೆಯ ದಿನದವರೆಗೆ ಅವನ್ನು ಯಾರೂ ಮುಟ್ಟಬಾರದು. ಅತ್ತೆ ತಾವೇ ಸಾಲು ಜೋಡಿಸಿದರು. ಹೊಲಿಗೆಯ ಯಂತ್ರ, ಕತ್ತರಿ, ಈಳಿಗೆಮಣೆ, ನಮ್ಮವರ ಸ್ಲೈಡ್ ರೂಲು. ಎಲ್ಲಕ್ಕಿಂತ ಮುಂದೆ, ಕರ್ಪೂರದ ಮರ್ಯಾದೆಯಿಂದಾಗಿ, ನನ್ನ ಚಾಕು. ಅದರ ಬಿಳಿಯ ಹಿಡಿಗೆ ಒಂದು ಸೇವಂತಿಗೆ ಸಿಕ್ಕಿಸಿದ್ದರು.

ಅತ್ತೆ ಕರೆದರೆಂದು ಕಾಕಿ ಬಂದು ಬಾಗಿಲ ಹತ್ತಿರ ಕೂತರು. ಏನನ್ನೂ ತಿನ್ನುವುದಿಲ್ಲ, ನೋಡಲು ಮಾತ್ರ ಬಂದಿದ್ದೇನೆ ಎಂಬುದನ್ನು ಕೂತ ರೀತಿಯಲ್ಲೇ ತೋರಿಸಿದರು.

ಪೂಜೆ ಮಾಡುವವರು ನಮ್ಮವರು. ಕಾದ ಸೂಜಿಯನ್ನು ಹತ್ತಿರ ತರಕೂಡದೆಂದು ಕೈ ಅಡ್ಡ ಹಿಡಿದವರೂ ಇವರೇ. ಆದರೆ ಮಡಿಯುಡಲು ಅಂಗಿ ಬಿಚ್ಚಿಡುವಾಗ ಅವರು ರಸಾಯನಶಾಸ್ತ್ರವನ್ನೂ ಅಂಗಿಯ ಜೊತೆ ಗೂಟಕ್ಕೆ ತಗುಲಿಹಾಕಿ ಬರುತ್ತಾರೆ. ಕರ್ಪೂರ ಹಚ್ಚಿ ದೇವರಿಗೆ ಬೆಳಗಿದರು.

“ಆಯುಧಗಳಿಗೂ ಬೆಳಗೋ,” ಅಂದರು ಅತ್ತೆ. ಬೆಳಗಿದರು.

“ಅಷ್ಟು ದೂರದಿಂದಲ್ಲ, ಹತ್ತಿರ ಹಿಡಿ. ದೇವಿಗೆ ಕಾಣಬೇಡವೇ?”

ಹತ್ತಿರ ಹಿಡಿದರು.

ಬುಸ್ ಎಂದಿತು. ಆ ಶಬ್ದ ಇನ್ನೂ ನನ್ನ ಕಿವಿಯಲ್ಲಿದೆ. ಹಿಡಿ ಹತ್ತಿಕೊಂಡಿತು ಅನ್ನುವುದಕ್ಕಿಲ್ಲ, ಒಂದೇ ಸಲಕ್ಕೆ ಇಡೀ ಹಿಡಿಯೇ ಜ್ವಾಲೆಯಾಗಿ ಎದ್ದು ನಿಂತಿತು. ನಮ್ಮವರಿಗೆ ಅಷ್ಟು ಹೊತ್ತಿಗೆ ರಸಾಯನಶಾಸ್ತ್ರ ನೆನಪಾಗಿ, ಕೈಗೆ ಸಿಕ್ಕಿದ ತಾಮ್ರದ ಗಿಂಡಿಯನ್ನು ಎತ್ತಿದರು. ಅದು ಅತ್ತೆ ಕಾಶಿಯಿಂದ ತಂದ, ಬಾಯಿಗೆ ಬೆಸುಗೆ ಹಾಕಿದ ಗಂಗೆ. ಅತ್ತೆ ಅದನ್ನು ಕಿತ್ತುಕೊಂಡು ಎದೆಗೆ ಅವುಚಿಕೊಂಡರು.

“ಇದು ನಾನು ಸಾಯೋವಾಗ ಬಾಯಿಗೆ ಬಿಡೋದಕ್ಕೆ ಇಟ್ಟಿರೋದು.”

“ಅಮ್ಮ, ಮನೆ ಹತ್ತಿಕೊಂಡರೆ ಎಲ್ಲರಿಗೂ ಈಗಲೇ ಬೇಕಾಗುತ್ತೆ.”

ನಾನು ಅಡುಗೆಮನೆಯಿಂದ ಬಿಂದಿಗೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಿಡಿಯಿದ್ದ ಜಾಗದಲ್ಲಿ ಕಪ್ಪು ಕಲೆ, ಎರಡು ಹಿತ್ತಾಳೆಯ ಮೊಳೆ, ಬಾಡಿದ ಸೇವಂತಿಗೆ. ಅಲಗು ಮಾತ್ರ ಏನೂ ಆಗದವರ ಹಾಗೆ ಹೊಳೆಯುತ್ತಿತ್ತು. ಮನೆಯ ತುಂಬ ಹೊಗೆ. ಹೊಗೆಯಲ್ಲಿ ಗಮ್ಮೆಂದು ಕರ್ಪೂರ.

ಮೊದಲು ಎದ್ದವರು ಕಾಕಿ. ಬಾಗಿಲಿನಿಂದ ದೇವರ ಮುಂದಿನವರೆಗೆ ಬಂದರು, ಬಗ್ಗಿದರು, ಮೂಗು ಅರಳಿಸಿ ಆ ಕಡೆ ಈ ಕಡೆ ಚೆನ್ನಾಗಿ ಮೂಸಿದರು. ಆಮೇಲೆ ಬಂದು ನನ್ನ ಎರಡು ಕೈಯನ್ನೂ ಹಿಡಿದುಕೊಂಡರು. ಕಣ್ಣಿನಲ್ಲಿ ನೀರಿತ್ತು, ಹೊಗೆಯದೋ ಏನೋ.

“ಕೂದಲು ಸುಟ್ಟ ವಾಸನೆ ಒಂದಿಷ್ಟೂ ಇಲ್ಲ,” ಅಂದರು. “ದಂತ ಅಲ್ಲವೇ ಅಲ್ಲ. ನಾನು ನಿಮ್ಮನ್ನು ಸುಮ್ಮನೆ ಅನುಮಾನಪಟ್ಟೆ ಬೆನ್. ಮನೆ ಬಿಡೋ ಮಾತು ಬೇಡ, ಎಷ್ಟು ವರ್ಷ ಬೇಕಾದರೂ ಇರಿ. ಇನ್ನು ಮೇಲೆ ಆ ಹಿಡಿಯನ್ನು ಧೈರ್ಯವಾಗಿ ಬಳಸು.”

“ಯಾವ ಹಿಡಿಯನ್ನು?” ಅಂದೆ.

ಕಾಕಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅತ್ತೆ ಕೊಟ್ಟ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಅಲ್ಲೇ ಬಾಯಿಗೆ ಹಾಕಿಕೊಂಡರು.

ಅತ್ತೆಯ ಮುಖದಲ್ಲೂ ಒಂದು ಕಳೆ ಬಂದಿತ್ತು. “ನೋಡಿದೆಯೇನೇ? ಚೂರು ಬೂದಿಯೂ ಉಳೀಲಿಲ್ಲ. ಹಾಗೇ ಹೋಯಿತು ಅಂದ್ರೆ ದೇವಿ ಸ್ವೀಕಾರ ಮಾಡಿದಳು ಅಂತ ಅರ್ಥ. ಎಷ್ಟು ನವಮಿ ಮಾಡಿದ್ದೀವಿ, ಈಳಿಗೆಮಣೆಗೆ ಒಂದು ಸಲವೂ ಹೀಗಾಗಲಿಲ್ಲ.” ಅತ್ತೆ ಈಳಿಗೆಮಣೆಯನ್ನು ಸ್ವಲ್ಪ ಅಸಮಾಧಾನದಿಂದ ನೋಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಆಮೇಲೆ ಅವರ ದೃಷ್ಟಿ ಸಾಲಿನಲ್ಲಿ ಮುಂದಕ್ಕೆ ಹೋಗಿ ಸ್ಲೈಡ್ ರೂಲಿನ ಬಿಳಿಯ ಪಟ್ಟಿಯ ಮೇಲೆ ನಿಂತಿತು. “ಮಗು, ಇದೂ ಹಾಗೇ ಬೆಳ್ಳಗಿದೆಯಲ್ಲ. ಇದು ಯಾವುದರದ್ದು?”

ನಮ್ಮವರು ಮಂಗಳಾರತಿಯ ತಟ್ಟೆಯನ್ನು ದೂರ ಸರಿಸಿ, ಮಾರನೆಯ ದಿನದವರೆಗೆ ಮುಟ್ಟಬಾರದ ಆಯುಧವನ್ನು ಎತ್ತಿ ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಲಿಗೆ ಹೊರಟುಹೋದರು.

ಜಗಲಿಯಲ್ಲಿ ಮಾರನೆಯ ಸಾಯಂಕಾಲ ಇಬ್ಬರು ಮುದುಕಿಯರೂ ಮೊದಲಿನ ಹಾಗೆ ಒತ್ತಿಕೊಂಡು ಕೂತು, ಎರಡು ಭಾಷೆಯಲ್ಲಿ ಒಂದೇ ಮಾತಾಡುತ್ತಿದ್ದರು: ಎಲ್ಲ ಬಗೆಯಲ್ಲೂ ದೋಷವಿಲ್ಲದ ಹಿಡಿ ಅಂದರೆ ಅದೊಂದೇ. ನಾನು ಕೈಯಲ್ಲಿ ಬೋಳು ಅಲಗನ್ನು ಹಿಡಿದು ಬಾಗಿಲಲ್ಲಿ ನಿಂತೆ. “ಹಾಗಾದರೆ ಸೂರತ್ತಿನಲ್ಲಿ ಅಂಥದ್ದೇ ಇನ್ನೊಂದು ಮಾಡಿಸಲೇ ಅತ್ತೆ?”

“ಒಂದು ಯಾಕೆ, ಎರಡು ಮಾಡಿಸು,” ಅಂದರು ಅತ್ತೆ. “ಒಂದು ಹೆಚ್ಚೋದಕ್ಕೆ, ಒಂದು ಮಂಗಳಾರತಿಗೆ.”